ಭೂತಗನ್ನಡಿ ನೋಡದೆ ಬಿಟ್ಟ ಕಾರ್ಡು

ಅವಳಿಗೆ ಭೂತಗನ್ನಡಿ ಅಂತ ಹೆಸರಿಟ್ಟವಳು ನಾನೇ. ಅದಕ್ಕೆ ಪಶ್ಚಾತ್ತಾಪವೇನೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಕೊಟ್ಟ ಟೀ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದನ್ನ ತೊಳೆದಿದ್ದು ನಿಜಾನಾ?" ಅಂತ ಕೇಳಿದವಳನ್ನು ಇನ್ನೇನೆಂದು ಕರೆಯಬೇಕಿತ್ತು? ನಾನೂ ಬಾಯಿ ಸತ್ತವಳಲ್ಲ. "ಇಲ್ಲ ಕಣ್ರೀ, ನಿಮಗೋಸ್ಕರ ಅಂತ ಎಂಜಲು ಮಾಡೇ ತಂದೆ" ಅಂದೆ. ಅವಳು ನಗಲಿಲ್ಲ. ನಾನು ಹೇಳಿದ್ದು ನಿಜವಿರಬಹುದೇ ಎಂದು ಯೋಚಿಸಿದಳು.

ನಾವಿಬ್ಬರೂ ಕೂರುತ್ತಿದ್ದದ್ದು ಕ್ಯಾನ್ಸರ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಫೈಲುಗಳ ಕೋಣೆಯಲ್ಲಿ. ಆ ಕಡೆ ಗೋಡೆಯಿಂದ ಈ ಕಡೆ ಗೋಡೆಯವರೆಗೆ ಕಬ್ಬಿಣದ ರ್‍ಯಾಕುಗಳು. ಫೈಲು ಹುಡುಕಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ, ಫೋನ್ ಮಾಡುವುದು ಅವಳದು. ಎಲುಬಿಗೆ ಇಳಿದ ಕ್ಯಾನ್ಸರ್ ಇರುವವರ ಲೆಕ್ಕವನ್ನು ನಮ್ಮ ಡಾಕ್ಟರಮ್ಮ ಇಡುತ್ತಿದ್ದರು. ರೋಗ ಮೊದಲು ಹುಟ್ಟಿದ್ದೆಲ್ಲಿ, ಸ್ತನದಲ್ಲೋ ಪ್ರಾಸ್ಟೇಟಿನಲ್ಲೋ ಶ್ವಾಸಕೋಶದಲ್ಲೋ, ಇಳಿದದ್ದು ಯಾವ ಎಲುಬಿಗೆ, ಬೆನ್ನಿಗೋ ಸೊಂಟಕ್ಕೋ ತೊಡೆಗೋ, ಎಲುಬು ಮುರಿಯಿತೇ, ಆಮೇಲೆ ಎಷ್ಟು ತಿಂಗಳು ಬದುಕಿದರು. ಒಬ್ಬೊಬ್ಬರಿಗೆ ಒಂದೊಂದು ಹಳದಿ ಕಾರ್ಡು. ಮೂರು ತಿಂಗಳಿಗೊಮ್ಮೆ ಭೂತಗನ್ನಡಿ ಆ ಮನೆಗಳಿಗೆ ಫೋನ್ ಮಾಡಿ, ಕಾರ್ಡಿನಲ್ಲಿ "ಇದ್ದಾರೆ" ಅಂತಲೋ, "ಇಲ್ಲ" ಅಂತ ತಾರೀಖಿನ ಸಮೇತವೋ ಬರೆಯಬೇಕು.

ಕೇಳುವುದಕ್ಕೆ ಸುಲಭದ ಕೆಲಸ. ಆದರೆ ಆಸ್ಪತ್ರೆಯಿಂದ ಫೋನ್ ಅಂದರೆ ಜನ ಸುಳ್ಳು ಹೇಳುತ್ತಾರೆ. ಕೆಲವರಿಗೆ ಹೆದರಿಕೆ, ಕೆಲವರಿಗೆ ಸಿಟ್ಟು, ಇನ್ನು ಕೆಲವರಿಗೆ ಆ ಮಾತು ಬಾಯಿಂದ ಹೊರಡುವುದೇ ಇಲ್ಲ. ಹಿಂದೆ ಈ ಕೆಲಸ ಮಾಡುತ್ತಿದ್ದವನು ಹೇಳಿದ್ದನ್ನೆಲ್ಲ ನಂಬಿ ಬರೆದುಕೊಳ್ಳುತ್ತಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಇವಳು ಬಂದಮೇಲೆ ಒಂದು ನಿಯಮ ಹಾಕಿಕೊಂಡಳು: ರೋಗಿಯ ದನಿಯನ್ನು ತನ್ನ ಕಿವಿಯಿಂದ ಕೇಳದೆ "ಇದ್ದಾರೆ" ಅಂತ ಬರೆಯುವಂತಿಲ್ಲ.

ಒಮ್ಮೆ ಯಾರದೋ ಮಗ, "ಅಪ್ಪ ವಾಕಿಂಗ್ ಹೋಗಿದ್ದಾರೆ" ಅಂದ. ಇವಳು ಕಾರ್ಡ್ ನೋಡಿದಳು. ಎರಡೂ ಕಡೆ ಸೊಂಟದ ಎಲುಬು ಮುರಿದಿದೆ ಅಂತ ಬರೆದಿತ್ತು.

"ಯಾವ ಕಾಲಲ್ಲಿ ಹೋದರು?" ಅಂತ ಕೇಳಿಬಿಟ್ಟಳು. ಆ ಕಡೆಯಿಂದ ಅಳು ಕೇಳಿಸಿತು. ಇವಳು ಅಳು ನಿಲ್ಲುವವರೆಗೂ ಕಾದು, ಮೆತ್ತಗೆ ತಾರೀಖು ಕೇಳಿ ಬರೆದುಕೊಂಡಳು.

"ನಿಮಗೆ ಕರುಳು ಅನ್ನೋದೊಂದು ಇದೆಯೇನ್ರೀ?" ಅಂತ ಬೈದೆ.

"ಇದೆ. ಆದರೆ ಸತ್ತವರನ್ನ ಬದುಕಿದ್ದಾರೆ ಅಂತ ಬರೆದರೆ, ನಾಳೆ ಬರೋ ರೋಗಿಗೆ ಡಾಕ್ಟರಮ್ಮ ಸುಳ್ಳು ಹೇಳಿದ ಹಾಗಾಗುತ್ತೆ. ಅದು ಕರುಳಾ?" ಅಂದಳು. ಉತ್ತರ ಹೊಳೆಯದಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಅವಳ ಮನೆಯಲ್ಲಿದ್ದದ್ದು ಅವಳು ಮತ್ತು ಅವಳ ಅಕ್ಕ. ಅಪ್ಪ ಅಮ್ಮ ಬೇಗ ಹೋದಮೇಲೆ ಅಕ್ಕನೇ ಹೊಲಿಗೆ ಯಂತ್ರ ತುಳಿದು, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಇವಳನ್ನು ಓದಿಸಿದ್ದು. ಇಷ್ಟು ನನಗೆ ಗೊತ್ತಿತ್ತು. ಹನ್ನೆರಡು ವರ್ಷ ಪಕ್ಕದಲ್ಲಿ ಕೂತು ಇಷ್ಟೇ ಗೊತ್ತಿತ್ತು ಅಂದರೆ ಅವಳ ಬಾಯಿ ಎಂಥದ್ದು ಅಂತ ನೀವೇ ಲೆಕ್ಕ ಹಾಕಿ.

ಆ ವರ್ಷ ಯಾಕೋ ಅವಳ ನಡತೆಯಲ್ಲಿ ಏನೋ ಎಡವಟ್ಟು ಕಾಣತೊಡಗಿತು. ಮೊದಲೆಲ್ಲ ಫೋನಿನಲ್ಲಿ ಮಾತಾಡುವಾಗ ಅವಳ ದನಿ ಕೋಣೆ ತುಂಬ ಕೇಳುತ್ತಿತ್ತು. ಈಗ ಯಾವುದೋ ಒಂದು ನಂಬರಿಗೆ ಮಾತ್ರ ನನ್ನ ಕಡೆ ಬೆನ್ನು ಹಾಕಿ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಮಾಡಬೇಕಾದ ಫೋನನ್ನು ಐದು ತಿಂಗಳಲ್ಲಿ ನಾಲ್ಕು ಸಲ ಮಾಡಿದಳು. ನಾನು ಎಣಿಸಿದ್ದೇನೆ. ಭೂತಗನ್ನಡಿಯ ಪಕ್ಕ ಕೂತರೆ ಕನ್ನಡಕಕ್ಕೂ ಆ ಗುಣ ಬರುತ್ತದೆ.

ಅಷ್ಟರಲ್ಲಿ ಡಾಕ್ಟರಮ್ಮನಿಂದ ಚೀಟಿ ಬಂತು. ಶ್ವಾಸಕೋಶದಿಂದ ಎಲುಬಿಗೆ ಇಳಿದ ರೋಗಿಗಳು ಸಾಮಾನ್ಯವಾಗಿ ತಿಂಗಳುಗಳ ಲೆಕ್ಕದಲ್ಲಿ ಬದುಕುತ್ತಾರೆ, ಒಬ್ಬರು ಮಾತ್ರ ನಾಲ್ಕು ವರ್ಷ ದಾಟಿದ್ದಾರೆ, ಬೀಗದ ಕೆಲಸದವರು, ಅವರ ಫೈಲು ಕಾರ್ಡು ಎರಡೂ ಕಳಿಸಿ, ಎರಡು ಸಲ ಪರೀಕ್ಷೆಗೆ ಕರೆದರೂ ಅವರು ಯಾಕೆ ಬಂದಿಲ್ಲ ಅಂತಲೂ ಕೇಳಿ, ಅಂತ. ಫೈಲು ಸಿಕ್ಕಿತು. ಕಾರ್ಡು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕೇಳಿದರೆ, "ಎಲ್ಲೋ ಸೇರಿಕೊಂಡಿರುತ್ತೆ, ಆಮೇಲೆ ಹುಡುಕ್ತೀನಿ" ಅಂದಳು.

ಎಲ್ಲೋ ಸೇರಿಕೊಂಡಿರುತ್ತೆ! ಒಂದು ಗುಂಡುಪಿನ್ನು ಕಳೆದರೆ ನೆಲ ಗುಡಿಸಿ ಹುಡುಕುವವಳು ಆಡುವ ಮಾತೇ ಇದು?

ಅವಳು ಊಟಕ್ಕೆ ಹೋದಾಗ ನಾನು ಅವಳ ಮೇಜಿನ ಡ್ರಾ ಎಳೆದೆ. ತಪ್ಪು ಅಂತೀರಾ? ಹೌದು, ತಪ್ಪೇ. ನಾನೇನು ಸನ್ಯಾಸಿನಿಯಲ್ಲ. ಬೀಗದವನ ಕಾರ್ಡು ಮೇಲೇ ಇತ್ತು, ಮೂಲೆಗಳು ಮುಟ್ಟಿ ಮುಟ್ಟಿ ಸವೆದಿದ್ದವು. ಅದರ ಕೆಳಗೆ ಇನ್ನೊಂದು, ಹೊಸದು. ಹೆಂಗಸು, ಐವತ್ತೆಂಟು, ಹೊಲಿಗೆ ಕೆಲಸ. ಶ್ವಾಸಕೋಶ. ಬಲ ತೊಡೆಯ ಎಲುಬು. ಫೋನಿನ ಸಂಖ್ಯೆ ಭೂತಗನ್ನಡಿಯದೇ. ಸಂಬಂಧ: ತಂಗಿ.

ಡ್ರಾ ಮುಚ್ಚುವುದು ಮರೆತು ನಿಂತುಬಿಟ್ಟೆ. ಬಾಗಿಲಲ್ಲಿ ಅವಳು ನಿಂತಿದ್ದಳು.

ಕಿರುಚುತ್ತಾಳೆ ಅಂದುಕೊಂಡೆ. ಅವಳು ಬಂದು ಕುರ್ಚಿಯಲ್ಲಿ ಕೂತಳು.

"ಐದು ತಿಂಗಳಾಯ್ತು," ಅಂದಳು. "ಬಲಗಾಲು ನೋವು ಅಂತಿದ್ದಳು. ಮೂವತ್ತು ವರ್ಷ ಯಂತ್ರ ತುಳಿದಿದ್ದಕ್ಕೆ ಇರಬೇಕು ಅಂತ ಇಬ್ಬರೂ ಅಂದುಕೊಂಡ್ವಿ. ಆಮೇಲೆ ಮಲಗಿದರೂ ನೋವು. ತುಳಿದರೆ ಬರೋ ನೋವು ಮಲಗಿದಾಗ ಯಾಕೆ ಬರಬೇಕು ಅಂತ ನನಗೆ ಅನುಮಾನ ಬಂತು. ತೋರಿಸಿದ್ವಿ."

"ಅಯ್ಯೋ, ನನಗೊಂದು ಮಾತು ಹೇಳಬಾರದಾ?"

"ಹೇಳಿ ಏನು ಮಾಡೋದಿತ್ತು?"

ಅವಳೇ ಮುಂದುವರಿಸಿದಳು. ತೊಡೆಯ ಎಲುಬನ್ನು ರೋಗ ಒಳಗಿನಿಂದ ತಿಂದು ತೆಳ್ಳಗೆ ಮಾಡಿದೆ, ಯಾವ ಹೆಜ್ಜೆಗೆ ಬೇಕಾದರೂ ಮುರಿಯಬಹುದು, ಮುರಿಯುವ ಮುಂಚೆ ಒಳಗೊಂದು ರಾಡು ಕೂರಿಸಿಬಿಡೋಣ ಅಂತ ಎಲುಬಿನ ಡಾಕ್ಟರು ಎರಡು ತಿಂಗಳಿಂದ ಹೇಳುತ್ತಿದ್ದಾರೆ. ಅಕ್ಕ ಒಪ್ಪುತ್ತಿಲ್ಲ. ಯಾಕೆಂದರೆ ರೋಗ ಗೊತ್ತಾದ ವಾರ ಅಕ್ಕ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದಾಗ, ಇವಳು ಆ ಬೀಗದವನ ಕಥೆ ಹೇಳಿದ್ದಳು. ನಿನ್ನದೇ ರೋಗ, ನಿನ್ನದೇ ಎಲುಬು, ನಾಲ್ಕು ವರ್ಷ ಆರಾಮಾಗಿದ್ದಾರೆ ಅಂತ. ಅಕ್ಕ ಎದ್ದು ಕೂತು ಊಟ ಮಾಡಿದಳು.

"ಈಗ ದಿನಾ ಅದೇ ಜಪ. ಅವನಿಗೆ ರಾಡ್ ಹಾಕಿದ್ರಾ? ಇಲ್ಲ. ಅವನು ನಡೀತಾನಾ? ನಡೀತಾನೆ. ಹಾಗಾದರೆ ನನಗ್ಯಾಕೆ ರಾಡು? ಇದೇ ಮಾತು."

ನಾನು ಕಾರ್ಡನ್ನು ಕೈಗೆ ತೆಗೆದುಕೊಂಡೆ. ಎಲ್ಲ ಸಾಲುಗಳೂ ಅವಳ ದುಂಡು ಅಕ್ಷರದಲ್ಲೇ ಇದ್ದವು. ಮೊದಲ ಫೋನು: ಇದ್ದಾರೆ. ಕೆಮ್ಮು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾರೆ. ಎರಡನೆಯದು: ಇದ್ದಾರೆ. ಕೆಮ್ಮು ಜಾಸ್ತಿ, ಪೂರ್ತಿ ಮಾತಾಡಲಾಗುತ್ತಿಲ್ಲ. ಮೂರನೆಯದರಿಂದ ಕೊನೆಯವರೆಗೆ: ಇದ್ದಾರೆ. ಆರಾಮ.

"ಕೆಮ್ಮು ಎಲ್ಲಿ ಹೋಯ್ತು?" ಅಂದೆ.

"ಔಷಧಿ ಹಿಡಿಸಿರುತ್ತೆ."

"ಒಂದು ಸಲಾನೂ ಕೆಮ್ಮಿಲ್ವಾ, ಇಷ್ಟು ವರ್ಷದಲ್ಲಿ?"

"ನಿಮಗೇನು ಅನುಮಾನ? ದನಿ ನಾನು ಕೇಳಿದೀನಿ. ನನ್ನ ಕಿವಿಯಾರೆ ಕೇಳಿದೀನಿ. ನಿಯಮ ಅಂದರೆ ನಿಯಮ!" ಅಂತ ಮೇಜು ಕುಟ್ಟಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಅಂತ ನನಗೆ ಅನ್ನಿಸಿತು.

"ಶನಿವಾರ ಅರ್ಧ ದಿನ. ಹೋಗಿ ನೋಡಿಕೊಂಡು ಬರೋಣ," ಅಂದೆ.

"ಬೇಡ."

"ಅಲ್ಲಾ ಕಣ್ರೀ, ಅಕ್ಕನ ಕಾಲು ಮುರಿದ ಮೇಲೆ ಹೋಗೋಣವಾ?"

ಅವಳು ಕಾರ್ಡನ್ನು ನನ್ನ ಕೈಯಿಂದ ಕಿತ್ತುಕೊಂಡು ಚೀಲಕ್ಕೆ ಹಾಕಿಕೊಂಡಳು. ಶನಿವಾರ ಮಧ್ಯಾಹ್ನ ಬಸ್ ಸ್ಟಾಪಿಗೆ ನನಗಿಂತ ಮುಂಚೆ ಬಂದು ನಿಂತಿದ್ದಳು.

ಬೀಗದವನ ಅಂಗಡಿ ಅಂದರೆ ಎರಡು ದೊಡ್ಡ ಅಂಗಡಿಗಳ ನಡುವೆ ಒಬ್ಬ ಮನುಷ್ಯ ಕೈ ಚಾಚಿದರೆ ಮುಗಿಯುವಷ್ಟು ಜಾಗ. ಗೋಡೆ ತುಂಬ ಮೊಳೆ, ಮೊಳೆ ತುಂಬ ಹಲ್ಲಿಲ್ಲದ ಕೀಲಿಕೈಗಳು. ಎತ್ತರದ ಸ್ಟೂಲಿನ ಮೇಲೆ ಕೂತು ಒಬ್ಬ ಮನುಷ್ಯ ಕೀಲಿಕೈಯೊಂದಕ್ಕೆ ಅರ ಉಜ್ಜುತ್ತಿದ್ದ. ನಲವತ್ತು ದಾಟಿರಬಹುದು. ಭೂತಗನ್ನಡಿ ಮುಂದೆ ಹೋಗಿ, ಫೋನಿನಲ್ಲಿ ಹೇಳುವ ಹಾಗೆಯೇ, "ನಮಸ್ಕಾರ, ಆಸ್ಪತ್ರೆಯಿಂದ. ನೀವೇನಾ ಮಾತಾಡ್ತಿರೋದು?" ಅಂದಳು.

ಅರ ನಿಂತಿತು.

"ಹೂಂ ಮೇಡಂ, ನಾನೇ. ಆರಾಮಿದೀನಿ," ಅಂದವನು ಗಡಿಬಿಡಿಯಲ್ಲಿ ಸ್ಟೂಲಿನಿಂದ ಧುಮುಕಿ ನಿಂತ. ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಬಡಿದವು. ಕೀಲಿಕೈಗಳೆಲ್ಲ ಕಿಲಕಿಲ ಅಂದವು. ಎಲುಬಿಗೆ ರೋಗ ಇಳಿದವರು ಸ್ಟೂಲಿನಿಂದ ಹೇಗೆ ಇಳಿಯುತ್ತಾರೆ ಅಂತ ನಮ್ಮಿಬ್ಬರಿಗೂ ಗೊತ್ತು. ಮೊದಲು ಒಂದು ಕಾಲನ್ನು ಗಾಳಿಯಲ್ಲಿ ಇಟ್ಟು, ನೆಲ ಇದೆಯೋ ಇಲ್ಲವೋ ಅಂತ ಕೇಳುವ ಹಾಗೆ ಮುಟ್ಟುತ್ತಾರೆ.

"ಯಾವತ್ತು ಹೋದರು?" ಅಂದಳು ಅವಳು.

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಅರವನ್ನು ಬಟ್ಟೆಯಲ್ಲಿ ಒರೆಸಿದ.

"ನಿಮ್ಮ ಮೂರನೇ ಫೋನ್ ಬರೋಕೆ ಹನ್ನೊಂದು ದಿನ ಮುಂಚೆ," ಅಂದ. "ನಾನು ತಮ್ಮ."

ನನಗೆ ರೇಗಿಹೋಯಿತು. "ಏನಯ್ಯಾ, ನಾಚಿಕೆ ಆಗಲ್ವಾ? ಆಸ್ಪತ್ರೆಯವರ ಕಿವಿಗೆ ಹೂವು ಇಡ್ತೀಯಾ? ಏನು ಸಿಕ್ತು ನಿನಗೆ?"

"ಏನೂ ಸಿಗಲಿಲ್ಲ ಅಮ್ಮಾ. ಅಣ್ಣನ ಫೋನು ನನ್ನ ಹತ್ತಿರ ಇತ್ತು. ಮೇಡಂ ಕೇಳಿದರು, ನೀವೇನಾ, ಕಾಲು ಹೇಗಿದೆ, ಊಟ ಸೇರುತ್ತಾ ಅಂತ. ಅವನು ಹೋದ ಮೇಲೆ ಅಷ್ಟು ಜನ ಬಂದರು, ಎಲ್ಲರೂ ಹೇಗೆ ಹೋದ ಅಂತ ಕೇಳಿದರು. ಹೇಗಿದ್ದಾನೆ ಅಂತ ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದುಬಿಡ್ತು, ಆರಾಮಿದೀನಿ ಅಂತ. ಆಮೇಲೆ ಮೂರು ತಿಂಗಳಿಗೊಮ್ಮೆ ಕಾಯ್ತಿದ್ದೆ. ಈ ಸಲ ಅಣ್ಣ ಏನು ತಿಂದ, ಎಷ್ಟು ದೂರ ನಡೆದ ಅಂತ ಮೊದಲೇ ಯೋಚನೆ ಮಾಡಿ ಇಟ್ಕೊಳ್ತಿದ್ದೆ. ಐದು ನಿಮಿಷ ಅವನು ಇರ್ತಿದ್ದ ಮೇಡಂ."

ನಾನು ಬೈಯುವುದು ಬಿಟ್ಟು ಗೋಡೆಯ ಕೀಲಿಕೈಗಳ ಕಡೆ ನೋಡಿದೆ. ಭೂತಗನ್ನಡಿ ಮಾತ್ರ ಅಲುಗಲಿಲ್ಲ. "ತೊಡೆ ಎಲುಬು?" ಅಂದಳು.

"ರಾಡು ಹಾಕಿಸಿ ಅಂದಿದ್ರು. ಅಣ್ಣ, ಈಗ ನಡೀತಿದೀನಲ್ಲ, ಮುಂದಿನ ತಿಂಗಳು ನೋಡೋಣ ಅಂದ. ಒಂದು ದಿನ ಮಂಚದಿಂದ ನೀರಿನ ಚೊಂಬಿಗೆ ಅಂತ ತಿರುಗಿದ. ಅಷ್ಟೇ. ಆ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಆಮೇಲೆ ಅವನು ಏಳಲೇ ಇಲ್ಲ. ಹತ್ತೊಂಬತ್ತು ದಿನ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಅಂಗಡಿಯಿಂದ ನೇರವಾಗಿ ಅವಳ ಮನೆಗೆ ಹೋದೆವು. ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಬಟ್ಟೆ ಮುಚ್ಚಿತ್ತು. ಪಕ್ಕದ ಮಂಚದಲ್ಲಿ ಅಕ್ಕ ಕೂತು ನೀಲಿ ಅಂಗಿಯೊಂದಕ್ಕೆ ಕೈಯಲ್ಲೇ ಗುಂಡಿ ಹಾಕುತ್ತಿದ್ದಳು. ಸಣ್ಣ ಜೀವ, ಚುರುಕು ಕಣ್ಣು. ಆ ಕಣ್ಣು ನನ್ನನ್ನು ನೋಡಿದ ರೀತಿಗೇ ನನಗೆ ಗೊತ್ತಾಯಿತು, ಅನುಮಾನ ಈ ಮನೆಯ ಆಸ್ತಿ ಅಂತ.

ಭೂತಗನ್ನಡಿ ನಿಂತೇ ಹೇಳಿದಳು. ಬೀಗದವರು ಇಲ್ಲ, ಎಂಟೂವರೆ ತಿಂಗಳು ಅಷ್ಟೇ ಇದ್ದದ್ದು, ಎಲುಬು ಮುರಿದು ಹೋದರು, ನಾವು ನೋಡಿಕೊಂಡೇ ಬಂದೆವು ಅಂತ.

ಅಕ್ಕ ಹಲ್ಲಿನಲ್ಲಿ ದಾರ ಕಡಿದಳು. "ಎಲುಬಿನ ಡಾಕ್ಟರು ಚೆನ್ನಾಗಿ ಹೇಳಿಕೊಟ್ಟಿದ್ದಾರೆ," ಅಂದಳು. "ನಿನ್ನೆವರೆಗೂ ನಾಲ್ಕು ವರ್ಷ ಬದುಕಿದ್ದವನು, ನಾನು ಸಹಿ ಹಾಕಲ್ಲ ಅಂದ ತಕ್ಷಣ ಸತ್ತುಹೋದನಾ? ಸಾಕ್ಷಿಗೆ ಇವರನ್ನ ಬೇರೆ ಕರ್ಕೊಂಡು ಬಂದಿದೀಯಾ?"

"ಅಕ್ಕಾ, ನಿನ್ನಾಣೆ."

"ಆಣೆ ಯಾಕೆ? ನೀನೇ ಹೇಳ್ತೀಯಲ್ಲ, ದನಿ ಕೇಳದೆ ನಂಬಬಾರದು ಅಂತ. ನಾನು ದನಿ ಕೇಳಬೇಕು."

ಬೇರೆ ದಾರಿ ಇರಲಿಲ್ಲ. ಭೂತಗನ್ನಡಿ ಆ ನಂಬರಿಗೆ ಫೋನ್ ಮಾಡಿ, ಮೂವರಿಗೂ ಕೇಳುವ ಹಾಗೆ ಮಂಚದ ಮೇಲಿಟ್ಟಳು. ಆ ಮನುಷ್ಯ ಹದಿನೇಳು ಸಲ ಒಂದೇ ಉತ್ತರ ಹೇಳಿ ನಾಲಿಗೆಗೆ ಅಭ್ಯಾಸ ಮಾಡಿಸಿದ್ದ. ಈಗಲೂ ಆರಾಮಿದೀನಿ ಅಂದುಬಿಟ್ಟರೆ? ಅಕ್ಕನಿಗೆ ಬೇಕಾಗಿದ್ದದ್ದೂ ಅದೇ ಮಾತು.

"ಹಲೋ," ಅಂದ ಅವನು.

"ನೋಡಪ್ಪಾ, ನನಗೂ ನಿನ್ನದೇ ಕಾಯಿಲೆ ಅಂತ ಇವರು ಹೇಳ್ತಾರೆ," ಅಂದಳು ಅಕ್ಕ. "ನೀನು ಹೇಗಿದೀಯಾ?"

ಆ ಕಡೆಯಿಂದ ಬೀದಿಯ ಸದ್ದು, ಯಾರೋ ಕೀಲಿ ರೆಡಿಯಾಯ್ತಾ ಅಂತ ಕೇಳಿದ್ದು, ಅಷ್ಟೇ.

"ಕಾಯಿಲೆ ನನಗಲ್ಲ ಅಕ್ಕಾ, ನಮ್ಮಣ್ಣನಿಗೆ," ಅಂದ. ಆಮೇಲೆ, "ನಮ್ಮಣ್ಣ ತೀರಿಕೊಂಡ," ಅಂದ. ಹೇಳಿದವನೇ ಬಿಕ್ಕತೊಡಗಿದ. ಗಂಡಸಿನ ಅಳು, ನಿಲ್ಲಿಸಲು ಗೊತ್ತಿಲ್ಲದ ಅಳು. ನನಗೂ ಕಣ್ಣು ತುಂಬಿ ಬಂತು, ಬೇರೆ ಕಡೆ ತಿರುಗಿ ನಿಂತೆ.

ಅಕ್ಕ ಅಂಗಿಯನ್ನು ಪಕ್ಕಕ್ಕಿಟ್ಟಳು. "ಅಳಬೇಡವೋ. ಯಾರಿದ್ದಾರೆ ಜೊತೆಗೆ? ಅಂಗಡಿಯಲ್ಲಿ ಒಬ್ಬನೇನಾ? ಬಾಗಿಲು ಹಾಕಿ ಮನೆಗೆ ಹೋಗು ಇವತ್ತು," ಅಂದಳು. ಅವನು ಹೂಂ ಅಂದ. ಕಾಲು ಮುರಿದ ದಿನದ್ದನ್ನೂ, ಆಮೇಲಿನ ಹತ್ತೊಂಬತ್ತು ದಿನದ್ದನ್ನೂ ಅವಳು ಬಿಡದೆ ಕೇಳಿದಳು. ಅವನು ಒಂದೊಂದಾಗಿ ಹೇಳಿದ. ಫೋನ್ ಇಟ್ಟಮೇಲೆ ತನ್ನ ಬಲ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಳು.

ನಂತರ ತಂಗಿಯನ್ನು ನೋಡಿದಳು. "ನಿನಗೆ ಗೊತ್ತಿತ್ತಾ?"

ಭೂತಗನ್ನಡಿ ಹೊಲಿಗೆ ಯಂತ್ರದ ಮೇಲಿನ ಬಟ್ಟೆಯನ್ನು ಸರಿಮಾಡತೊಡಗಿದಳು.

"ಬಾಯಿ ಬಿಡೇ. ಗೊತ್ತಿತ್ತಾ?"

"ನಿನಗೆ ಕಾಯಿಲೆ ಅಂತ ಗೊತ್ತಾದ ಮಾರನೇ ದಿನ ಅವನಿಗೆ ಫೋನ್ ಮಾಡಿದೆ. ಕೆಮ್ಮಲಿಲ್ಲ. ಅಲ್ಲೀವರೆಗೂ ಗಮನಿಸಿರಲಿಲ್ಲ, ಅವತ್ತು ಗಮನಿಸಿದೆ. ಅನುಮಾನ ಬಂತು," ಅಂದಳು. "ಕೇಳಲಿಲ್ಲ. ಕೇಳಿದರೆ ಇಲ್ಲ ಅಂದುಬಿಡ್ತಾನೆ ಅಂತ. ಮತ್ತೆ ಮತ್ತೆ ಮಾಡಿದೆ, ಒಂದು ಸಲವಾದರೂ ಕೆಮ್ಮಲಿ ಅಂತ ಕಾದೆ."

"ಊರಿನವರ ಮೇಲೆಲ್ಲ ಅನುಮಾನ ಪಟ್ಟೆಯಲ್ಲೇ. ನನ್ನ ಕಾಲು ಮುರಿಯೋ ಹೊತ್ತಿಗೆ ನಂಬಿಕೆ ಬಂತಾ ನಿನಗೆ?"

ಅವಳು ಅಕ್ಕನ ಪಾದದ ಹತ್ತಿರ ನೆಲದ ಮೇಲೆ ಕೂತು, ಮಂಚದ ಅಂಚಿಗೆ ಹಣೆ ಒತ್ತಿ ಜೋರಾಗಿ ಅತ್ತಳು. ಹನ್ನೆರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಕ್ಕ ಅವಳನ್ನು ಮುಟ್ಟಲಿಲ್ಲ. ಎಷ್ಟೋ ಹೊತ್ತಾದ ಮೇಲೆ, "ಏಳು, ಅನ್ನಕ್ಕಿಡು. ಇವರೂ ಊಟ ಮಾಡಿಕೊಂಡು ಹೋಗಲಿ. ಸೋಮವಾರ ಆ ಡಾಕ್ಟರಿಗೆ ಬರ್ತೀನಿ ಅಂತ ಹೇಳು," ಅಂದಳು.

ಗುರುವಾರ ರಾಡು ಹಾಕಿದರು. ಅಕ್ಕನಿಗೆ ಆಪರೇಷನ್ ಆಗುತ್ತಿದ್ದಾಗ ಭೂತಗನ್ನಡಿ ಬೀಗದವನ ಕಾರ್ಡನ್ನು ಡಾಕ್ಟರಮ್ಮನ ಮುಂದಿಟ್ಟು, ತಾನೇ ಬರೆದಿದ್ದ ಹದಿನೇಳು ಸಾಲುಗಳ ಮೇಲೆ ತಾನೇ ಗೆರೆ ಎಳೆದು, ನಿಜವಾದ ತಾರೀಖು ಬರೆದಳು. ಕೆಲಸ ಹೋಗುತ್ತದೆ ಅಂತ ನಾನು ಹೆದರಿದ್ದೆ. ಡಾಕ್ಟರಮ್ಮ ಆ ಕಾರ್ಡನ್ನು ಸುಮಾರು ಹೊತ್ತು ನೋಡಿ, ಅಕ್ಕನ ಕಾರ್ಡು ಇನ್ನುಮುಂದೆ ಇವಳ ಕೈಯಲ್ಲಿ ಇರಬಾರದು, ನಾನು ನೋಡಿಕೊಳ್ಳಬೇಕು ಅಂತಷ್ಟೇ ಅಂದರು.

ಅಕ್ಕ ಊರುಗೋಲು ಹಿಡಿದು ನಡೆದಳು, ಆಮೇಲೆ ಗೋಡೆ ಹಿಡಿದು ನಡೆದಳು. ನಾನು ಮೂರು ತಿಂಗಳಿಗೊಮ್ಮೆ ಫೋನ್ ಮಾಡಿದರೆ ತಾನೇ ಎತ್ತಿಕೊಂಡು, "ದನಿ ಸಾಕಾ, ಹಾಡೂ ಹೇಳಲಾ?" ಅಂತ ರೇಗಿಸುತ್ತಿದ್ದಳು. ಆದರೆ ಎರಡನೆಯ ಫೋನಿನಲ್ಲೇ ಏದುಸಿರು ಕೇಳಿಸಿತ್ತು. ಕೇಳಿಸಿದ್ದನ್ನು ಬರೆದೆ. ಬರೆಯುವಾಗ ಭೂತಗನ್ನಡಿ ತನ್ನ ಮೇಜಿನಿಂದ ನನ್ನ ಪೆನ್ನನ್ನೇ ನೋಡುತ್ತಿದ್ದಳು, ಏನು ಬರೆದಿರಿ ಅಂತ ಕೇಳಲಿಲ್ಲ.

ನಾಲ್ಕನೆಯ ಫೋನಿಗೆ ಇನ್ನೂ ಆರು ವಾರ ಇತ್ತು. ಎಂಟು ದಿನ ರಜೆ ಹಾಕಿದ್ದವಳು ಒಂದು ಬೆಳಿಗ್ಗೆ ಬಂದಳು. ಚೀಲವನ್ನು ಹೆಗಲಿನಿಂದ ಇಳಿಸದೆ ನನ್ನ ಮೇಜಿನ ಮುಂದೆ ನಿಂತಳು. ನಾನು ಏಳಲು ಹೋದೆ, ಬೇಡ ಅಂತ ಕೈ ಮಾಡಿದಳು.

"ಅಕ್ಕನ ಕಾರ್ಡ್ ತೆಗೀರಿ," ಅಂದಳು. "ನೀವು ಕೇಳಿದರೆ ನನ್ನ ಬಾಯಲ್ಲಿ ಏನು ಬರುತ್ತೋ ಗೊತ್ತಿಲ್ಲ. ಅದಕ್ಕೆ ಕೇಳೋ ಮುಂಚೆ ಹೇಳ್ತಿದೀನಿ. ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲು."

ನಾನು ಬರೆದೆ.

"ಹಿಂದಿನ ದಿನ ಬಚ್ಚಲಿಗೆ ನಡೆದೇ ಹೋಗಿದ್ದಳು. ಕಾಲು ಮುರಿದಿರಲಿಲ್ಲ ಅಂತಲೂ ಬರೀರಿ."

ಅದನ್ನೂ ಬರೆದೆ. ಅವಳು ಬಗ್ಗಿ, ನಾನು ಬರೆದದ್ದು ಸರಿಯಾಗಿದೆಯೋ ಇಲ್ಲವೋ ಅಂತ ಅಕ್ಷರ ಅಕ್ಷರ ಓದಿ ನೋಡಿದಳು.